ಕೆಲಸವಿಲ್ಲದೆ ಕಾಡಿಗೆ ಹೋದ ಥೋರೋ

ನಮ್ಮ ಊರಿನಲ್ಲಿ ಕೆಲಸವಿಲ್ಲದೆ ಕಾಡಿಗೆ ಹೋಗುವವರಿಲ್ಲ. ಸೌದೆಗೆ ಹೋಗುತ್ತಾರೆ, ದನ ಮೇಯಿಸಲು ಹೋಗುತ್ತಾರೆ, ಸೀಗೆಕಾಯಿ ಆಯಲು ಹೋಗುತ್ತಾರೆ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬಂದವನನ್ನು ಕಂಡರೆ, ಮನೆಯಲ್ಲಿ ಜಗಳವಾಡಿಕೊಂಡು ಹೋಗಿದ್ದನೆಂದೇ ತಿಳಿಯುತ್ತಾರೆ. ಆದುದರಿಂದ, ಹೆನ್ರಿ ಡೇವಿಡ್ ಥೋರೋ ಎಂಬ ಅಮೆರಿಕದ ಬರಹಗಾರನು ಕಾಲೇಜಿನ ಪದವಿ ಪಡೆದ ಮೇಲೂ ದಿನಕ್ಕೆ ನಾಲ್ಕು ಗಂಟೆಗೆ ಕಡಮೆಯಿಲ್ಲದಂತೆ ಕಾಡುಗುಡ್ಡಗಳಲ್ಲಿ ನಡೆಯುತ್ತಿದ್ದನೆಂದು ಮೊದಲು ಓದಿದಾಗ ನಾನು ಅವನ ಪಕ್ಷ ವಹಿಸಲಿಲ್ಲ. ಅವನನ್ನು ಸೋಮಾರಿಯೆಂದ ಅವನ ಊರಿನವರ ಪಕ್ಷವನ್ನೇ ವಹಿಸಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬಿ.ಎ. ಮುಗಿಯುತ್ತ ಬಂದಂತೆ ಮುಂದೇನು ಎಂದು ಕೇಳದ ನೆಂಟರಿಲ್ಲ. ಓದಿ ಪದವಿ ಪಡೆದು ಕಾಡು ಸುತ್ತುವವನನ್ನು ಮೆಚ್ಚುವುದು ನನ್ನಂಥವನಿಗೆ ಸುಲಭವಲ್ಲವೆಂದು ಮೊದಲೇ ಒಪ್ಪಿಕೊಂಡು ಈ ಚರಿತ್ರೆಯನ್ನು ಬರೆಯುತ್ತೇನೆ.

ಥೋರೋ ಎಂದೊಡನೆ ಹಲವರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಅನ್ಯಾಯದ ಸರಕಾರದೊಡನೆ ಸಹಕರಿಸಬಾರದೆಂಬ ಅವನ ಪ್ರಬಂಧವನ್ನು ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ ಓದಿ ಮೆಚ್ಚಿದರೆಂಬುದು. ಇನ್ನೊಂದು, ಅವನು ವಾಲ್ಡನ್ ಎಂಬ ಕೊಳದ ದಂಡೆಯಲ್ಲಿ ಋಷಿಯಂತೆ ಒಂಟಿಯಾಗಿದ್ದನೆಂಬುದು. ಈ ಎರಡನೆಯದು ಪೂರ್ತಿ ಸರಿಯಲ್ಲ. ೪೪ ವರ್ಷದ ಆಯುಷ್ಯದಲ್ಲಿ ಅವನು ಕೊಳದ ದಂಡೆಯಲ್ಲಿ ವಾಸವಾಗಿದ್ದುದು ೨ ವರ್ಷ, ೨ ತಿಂಗಳು, ೨ ದಿನ. ಮಿಕ್ಕ ಬಾಳನ್ನೆಲ್ಲ ಹೆಚ್ಚುಕಡಮೆ ಊರಿನೊಳಗೇ ಕಳೆದನು. ಊಟ ಮುಗಿಸಿ ಮನೆಯಿಂದ ಹೊರಟು, ಕಾಡು ಸುತ್ತಿ, ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದ ಮನುಷ್ಯ ಅವನು. ಅವನದು ವನವಾಸವಲ್ಲ, ವನಸಂಚಾರ.

ಅವನು ಹುಟ್ಟಿದುದು ೧೮೧೭ರ ಜುಲೈ ೧೨ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾಂಕರ್ಡ್ ಎಂಬ ಊರಿನಲ್ಲಿ. ಬಾಸ್ಟನ್ ನಗರದಿಂದ ಪಶ್ಚಿಮಕ್ಕೆ ಸುಮಾರು ೨೦ ಮೈಲಿ. ತಂದೆ ಜಾನ್ ಪೆನ್ಸಿಲು ತಯಾರಿಸುತ್ತಿದ್ದನು. ತಾಯಿ ಸಿಂತಿಯ ಮನೆಯಲ್ಲಿ ಊಟ ವಸತಿಗೆ ಜನರನ್ನಿಟ್ಟುಕೊಂಡು ಸಂಸಾರಕ್ಕೆ ನೆರವಾಗುತ್ತಿದ್ದಳು. ನಾಲ್ವರು ಮಕ್ಕಳಲ್ಲಿ ಇವನು ಮೂರನೆಯವನು. ಸಿರಿವಂತರ ಮನೆಯಲ್ಲ. ಆದರೂ ಮನೆಯವರೆಲ್ಲ ಸೇರಿ ಹಣ ಹೊಂದಿಸಿ ಇವನನ್ನು ಹಾರ್ವರ್ಡ್ ಕಾಲೇಜಿಗೆ ಕಳುಹಿಸಿದರು. ೧೮೩೩ರಲ್ಲಿ ಸೇರಿ ೧೮೩೭ರಲ್ಲಿ ಪದವಿ ಪಡೆದನು. ಆ ವರ್ಷವೇ ಅಮೆರಿಕದಲ್ಲಿ ಬ್ಯಾಂಕುಗಳು ಮುಗ್ಗರಿಸಿ ಉದ್ಯೋಗ ದುರ್ಲಭವಾಗಿತ್ತು. ಹಾಗಿದ್ದರೂ ಅವನಿಗೆ ಸ್ವಂತ ಊರಿನ ಶಾಲೆಯಲ್ಲಿಯೇ ಉಪಾಧ್ಯಾಯನ ಕೆಲಸ ಸಿಕ್ಕಿತು. ಎರಡು ವಾರ ಕಳೆದಿರಲಿಲ್ಲ. ಶಾಲಾ ಸಮಿತಿಯ ಹಿರಿಯರೊಬ್ಬರು ತರಗತಿಗೆ ಬಂದು, ಮಕ್ಕಳಿಗೆ ಹೊಡೆಯದೆ ಪಾಠ ನಡೆಯದೆಂದು ಆಕ್ಷೇಪಿಸಿದರು. ಅವನು ಕೆಲವು ಮಕ್ಕಳನ್ನು ಕರೆದು ಹೊಡೆದು, ಅಂದೇ ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಕಾರಣವಿಲ್ಲದೆ ಪೆಟ್ಟು ತಿಂದ ಆ ಮಕ್ಕಳು ಏನೆಂದುಕೊಂಡರೋ! ಕೆಲಸ ಬಿಟ್ಟುದನ್ನು ನಾನು ಮೆಚ್ಚುತ್ತೇನೆ, ಬಿಡುವ ಮುನ್ನ ಹೊಡೆದುದನ್ನು ಮೆಚ್ಚಲಾರೆ. ಪೇಟೆಯಲ್ಲಿ ಉದ್ಯೋಗಕ್ಕೆ ಬರಗಾಲವಿದ್ದಾಗ ಬಂದ ಸಂಬಳವನ್ನು ಕೈಯಾರೆ ಬಿಟ್ಟ ಮಗನನ್ನು ಕುರಿತು ಆ ಮನೆಯಲ್ಲಿ ರಾತ್ರಿ ಏನು ಮಾತು ನಡೆದಿರಬಹುದೆಂದು ನಮ್ಮಲ್ಲಿ ಅನೇಕರು ಊಹಿಸಬಲ್ಲರು.

ಮರುವರ್ಷ ಅವನೇ ಒಂದು ಶಾಲೆ ತೆರೆದನು. ಅಣ್ಣ ಜಾನ್ ಬಂದು ಕೂಡಿಕೊಂಡನು. ಅಲ್ಲಿ ಬೆತ್ತವಿರಲಿಲ್ಲ, ಮಕ್ಕಳನ್ನು ನದಿಗೂ ಕಾಡಿಗೂ ನಡೆಸಿಕೊಂಡು ಹೋಗಿ ಗಿಡ ಹಕ್ಕಿಗಳನ್ನು ತೋರಿಸುವುದು ಪಾಠದ ಒಂದು ಭಾಗವಾಗಿತ್ತು. ಅಣ್ಣನ ಆರೋಗ್ಯ ಕೆಟ್ಟು ೧೮೪೧ರಲ್ಲಿ ಶಾಲೆ ಮುಚ್ಚಿತು. ೧೮೪೨ರ ಜನವರಿಯಲ್ಲಿ, ಕ್ಷೌರದ ಕತ್ತಿ ಮಸೆಯುವಾಗ ಆದ ಸಣ್ಣ ಗಾಯದಿಂದ ಧನುರ್ವಾಯು ತಗುಲಿ ಜಾನ್ ತಮ್ಮನ ತೋಳಿನಲ್ಲಿಯೇ ಪ್ರಾಣ ಬಿಟ್ಟನು. ಕೆಲವು ದಿನಗಳಲ್ಲಿ ಥೋರೋವಿನ ಮೈಯಲ್ಲಿಯೂ ಅದೇ ರೋಗದ ಲಕ್ಷಣಗಳು ಕಾಣಿಸಿದುವು. ಗಾಯವಿರಲಿಲ್ಲ, ದುಃಖವೊಂದೇ ಕಾರಣ.

ಆ ವರ್ಷದ ಜುಲೈಯಲ್ಲಿ ಅವನು ಗೆಳೆಯನೊಬ್ಬನೊಡನೆ ವಾಚೂಸೆಟ್ ಬೆಟ್ಟಕ್ಕೆ ನಡೆದು ಹೋದನು. ಕಾಂಕರ್ಡಿನ ದಿಬ್ಬಗಳ ಮೇಲೆ ನಿಂತರೆ ಪಶ್ಚಿಮದ ಅಂಚಿನಲ್ಲಿ ನೀಲಿಯಾಗಿ ಕಾಣುವ ಬೆಟ್ಟವದು. ಎತ್ತರ ೨೦೦೬ ಅಡಿ. ನಮ್ಮ ಮಲೆನಾಡಿನವರಿಗೆ ಗುಡ್ಡವೆನಿಸೀತು. ಆದರೆ ಚಿಕ್ಕಂದಿನಿಂದ ದೂರದಲ್ಲಿ ಕಂಡ ನೀಲಿಯೊಳಕ್ಕೆ ಕಾಲಿಟ್ಟು, ಅಲ್ಲಿಂದ ತನ್ನ ಊರಿನ ದಿಕ್ಕನ್ನು ನೋಡುವುದೆಂದರೆ ಬೇರೆಯೇ ಅನುಭವ. ಮರುವರ್ಷ ಅದನ್ನು ಕುರಿತು ಅವನು ಬರೆದ ಪ್ರಬಂಧ ಅಚ್ಚಾಯಿತು. ನಡಿಗೆಯನ್ನೇ ವಸ್ತುವಾಗಿಟ್ಟುಕೊಂಡು ಬರೆಯುವ ರೂಢಿ ಅವನಿಗೆ ಹೀಗೆ ಹತ್ತಿತು.

ಇನ್ನು ಒಂದು ಅನಾಹುತದ ಕತೆ. ಅನೇಕರು ಇದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ನನಗೆ ಹಾಗೆ ದಾಟಿಸಲು ಮನಸ್ಸಿಲ್ಲ. ೧೮೪೪ರ ಏಪ್ರಿಲ್ ೩೦ರಂದು ಥೋರೋ ಮತ್ತು ಎಡ್ವರ್ಡ್ ಹೋರ್ ಎಂಬ ಯುವಕ ದೋಣಿಯಲ್ಲಿ ಹೋಗಿ ಮೀನು ಹಿಡಿದರು. ದಡದಲ್ಲಿ ಒಂದು ಮರದ ಮೋಟಿನೊಳಗೆ ಬೆಂಕಿ ಮಾಡಿ ಅಡಿಗೆಗಿಟ್ಟರು. ಮಳೆ ಬಾರದೆ ಹುಲ್ಲೆಲ್ಲ ಗರಿಗರಿಯಾಗಿತ್ತು. ಕಿಡಿ ಹುಲ್ಲಿಗೆ ಹತ್ತಿತು. ಕೈಕಾಲುಗಳಿಂದ ತುಳಿದು ಬಡಿದರೂ ಆರಲಿಲ್ಲ. ಗುಡ್ಡವೇರಿ ಕಾಡನ್ನು ಹೊಕ್ಕಿತು. ಥೋರೋ ಓಡಿಹೋಗಿ ಜನರನ್ನು ಕೂಗಿದನು. ಅವರು ಬರುವುದರೊಳಗೆ ಸುಸ್ತಾಗಿ, ಎತ್ತರದ ಬಂಡೆಯ ಮೇಲೆ ಕುಳಿತು ತಾನು ಹಚ್ಚಿದ ಬೆಂಕಿಯನ್ನು ತಾನೇ ನೋಡಿದನು. ನೂರು ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಅದು ಯಾರದೂ ಅಲ್ಲದ ಕಾಡಲ್ಲ. ಚಳಿಗಾಲದ ಸೌದೆಗೆಂದು ರೈತರು ಉಳಿಸಿಕೊಂಡಿದ್ದ ತುಂಡು ತುಂಡು ಕಾಡುಗಳು. ಜೊತೆಗಿದ್ದ ಯುವಕನ ತಂದೆ ಊರಿನ ದೊಡ್ಡ ವಕೀಲ, ಮೊಕದ್ದಮೆಯಾಗಲಿಲ್ಲ. ಆದರೆ ವರ್ಷಗಟ್ಟಲೆ ಜನ ಇವನ ಬೆನ್ನ ಹಿಂದೆ ಕಾಡು ಸುಟ್ಟವನೆಂದು ಆಡಿಕೊಂಡರು. ಥೋರೋ ಈ ವಿಷಯವನ್ನು ತನ್ನ ದಿನಚರಿಯಲ್ಲಿ ಬರೆಯಲು ಆರು ವರ್ಷ ಹಿಡಿಯಿತು. ಬರೆದಾಗಲೂ ತಪ್ಪೊಪ್ಪಿಗೆಗಿಂತ ಸಮಜಾಯಿಷಿಯೇ ಹೆಚ್ಚಾಗಿದೆಯೆಂದು ನನಗೆ ತೋರುತ್ತದೆ. ಸೌದೆ ಕಳೆದುಕೊಂಡವರ ಕಡೆಯಿಂದ ನಾನು ಇದನ್ನು ಓದಿದೆ. ಬೇರೆ ರೀತಿ ಓದಲು ನನಗೆ ಬರುವುದಿಲ್ಲ.

ಮರುವರ್ಷ, ೧೮೪೫ರ ಜುಲೈ ೪ರಂದು, ಅವನು ವಾಲ್ಡನ್ ಕೊಳದ ಬಳಿ ತಾನೇ ಕಟ್ಟಿದ ಗುಡಿಸಲಿಗೆ ವಾಸ ಹೋದನು. ೧೦ ಅಡಿ ಅಗಲ, ೧೫ ಅಡಿ ಉದ್ದ. ತಗುಲಿದ ವೆಚ್ಚ ೨೮ ಡಾಲರು ಹನ್ನೆರಡೂವರೆ ಸೆಂಟು. ಜಮೀನು ಹಿರಿಯ ಮಿತ್ರ ಎಮರ್ಸನ್ನನದು. ಊರು ಅಲ್ಲಿಂದ ಒಂದೂವರೆ ಮೈಲಿಯಷ್ಟೇ. ಹೊಸದಾಗಿ ಹಾಕಿದ ರೈಲುದಾರಿ ಕೊಳದ ಮಗ್ಗುಲಲ್ಲಿಯೇ ಹಾದುಹೋಗುತ್ತಿತ್ತು. ಅವನು ಆಗಾಗ ಊರಿಗೆ ಹೋಗಿ ಮನೆಯಲ್ಲಿ ಉಂಡು ಬರುತ್ತಿದ್ದನು. ಇದನ್ನು ಹಿಡಿದು ಅವನನ್ನು ಡಂಭಾಚಾರಿಯೆನ್ನುವವರಿದ್ದಾರೆ. ಅದು ಅನ್ಯಾಯ, ಉಣ್ಣಲು ಮನೆಗೆ ಹೋದುದನ್ನು ಅವನೇನೂ ಬಚ್ಚಿಡಲಿಲ್ಲ. ಆದರೆ ಅಡಿಗೆಮನೆಯಲ್ಲಿ ತಾಯಿ ಸೋದರಿಯರಿದ್ದುದರಿಂದಲೇ ಅವನಿಗೆ ಅಷ್ಟು ಮಧ್ಯಾಹ್ನಗಳು ಬಿಡುವಾಗಿದ್ದುವೆಂಬುದನ್ನು ಅವನು ಇನ್ನೂ ಸ್ವಲ್ಪ ಹೆಚ್ಚಾಗಿ ಬರೆದಿದ್ದರೆ ಚೆನ್ನಾಗಿತ್ತು.

ಕೊಳಕ್ಕೆ ತಳವೇ ಇಲ್ಲವೆಂದು ಊರಿನವರು ನಂಬಿದ್ದರು. ೧೮೪೬ರಲ್ಲಿ ನೀರು ಹೆಪ್ಪುಗಟ್ಟಿದ್ದಾಗ ಥೋರೋ ಮಂಜಿನಲ್ಲಿ ತೂತು ಕೊರೆದು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದನು: ೧೦೨ ಅಡಿ. ಮುಂದಿನ ಚಳಿಗಾಲದಲ್ಲಿ ಮಂಜುಗಡ್ಡೆಯ ವ್ಯಾಪಾರಿಗಳ ಆಳುಗಳು ಬಂದು ಆ ಕೊಳದ ಮಂಜನ್ನು ಗರಗಸದಿಂದ ಕೊಯ್ದು ರಾಶಿ ಹಾಕಿದರು. ಆ ಪ್ರಾಂತದ ಕೊಳಗಳ ಮಂಜುಗಡ್ಡೆ ಆಗ ಹಡಗಿನಲ್ಲಿ ಕಲ್ಕತ್ತ, ಮದರಾಸು, ಮುಂಬಯಿಗಳಿಗೆ ಬರುತ್ತಿತ್ತು. ಮುಂಜಾನೆ ಭಗವದ್ಗೀತೆಯ ಭಾಷಾಂತರವನ್ನು ಓದುತ್ತಿದ್ದ ಆ ಯುವಕ, ತನ್ನ ಕೊಳದ ನೀರು ಗಂಗೆಯೊಡನೆ ಬೆರೆಯುವುದನ್ನು ಕಲ್ಪಿಸಿಕೊಂಡು ಹಿಗ್ಗಿದನು. ೧೮೫೫ರಲ್ಲಿ ಇಂಗ್ಲಿಷ್ ಗೆಳೆಯನೊಬ್ಬನು ಅವನಿಗೆ ಭಾರತೀಯ ಗ್ರಂಥಗಳ ೪೪ ಸಂಪುಟಗಳನ್ನು ಉಡುಗೊರೆಯಾಗಿ ಕಳುಹಿಸಿದನು. ನಡೆಯುತ್ತ ಹೋದಾಗ ನದಿಯಲ್ಲಿ ತೇಲಿಬಂದ ಹಲಗೆಗಳನ್ನು ಆಯ್ದು ತಂದು ಅವಕ್ಕೆ ಅವನು ಕಪಾಟು ಮಾಡಿದನು.

ಸೆರೆಮನೆಯ ಸಂಗತಿ ಎಲ್ಲರಿಗೂ ತಿಳಿದುದು. ಗುಲಾಮಗಿರಿಯನ್ನು ಸಹಿಸುವ, ಮೆಕ್ಸಿಕೋದ ಮೇಲೆ ಯುದ್ಧ ಹೂಡುವ ಸರಕಾರಕ್ಕೆ ತಲೆಗಂದಾಯ ಕೊಡೆನೆಂದು ೧೮೪೬ರ ಜುಲೈಯಲ್ಲಿ ಒಂದು ರಾತ್ರಿ ಬಂಧನದಲ್ಲಿದ್ದನು. ಯಾರೋ ಕಂದಾಯ ಕಟ್ಟಿ ಬಿಡಿಸಿದರು. ನನಗೆ ಹಿಡಿಸಿದುದು ಅದರ ಮರುದಿನ. ಹೊರಬಂದವನು ರಿಪೇರಿಗೆ ಕೊಟ್ಟಿದ್ದ ಬೂಟನ್ನು ಚಮ್ಮಾರನಿಂದ ತೆಗೆದುಕೊಂಡು, ತನಗಾಗಿ ಕಾದಿದ್ದ ಒಂದು ಗುಂಪಿನೊಡನೆ ಎರಡು ಮೈಲಿ ದೂರದ ಗುಡ್ಡಕ್ಕೆ ಹಕಲ್‌ಬೆರಿ ಕೀಳಲು ನಡೆದನು. ನಮ್ಮ ಕವಳಿಹಣ್ಣಿನಂತೆ ಪೊದೆಗಳಲ್ಲಿ ಬಿಡುವ ಸಣ್ಣ ಕಪ್ಪು ಹಣ್ಣು ಅದು. ಮುಂದೆ ಅರ್ಧ ಜಗತ್ತು ಓದಿದ ಪ್ರಬಂಧಕ್ಕೆ ಕಾರಣವಾದ ಘಟನೆ ಹೀಗೆ ಹಣ್ಣಿನ ಗುಡ್ಡದ ಮೇಲೆ ಮುಗಿಯಿತು!

ಗುಡಿಸಲು ಬಿಟ್ಟು ಊರಿಗೆ ಮರಳಿದ ಮೇಲಿನ ೧೫ ವರ್ಷಗಳೇ ಅವನ ನಿಜವಾದ ಸಂಚಾರದ ಕಾಲ. ಬೆಳಗ್ಗೆ ಬರಹ ಅಥವಾ ಪೆನ್ಸಿಲಿನ ಕೆಲಸ, ಮಧ್ಯಾಹ್ನ ನಡಿಗೆ. ಕಪ್ಪುಸೀಸಕ್ಕೆ ಜೇಡಿಮಣ್ಣು ಬೆರಸುವ ವಿಧಾನವನ್ನು ಸುಧಾರಿಸಿ ತಂದೆಯ ಪೆನ್ಸಿಲನ್ನು ದೇಶದಲ್ಲಿಯೇ ಒಳ್ಳೆಯದೆನಿಸಿದವನು ಈ ಸೋಮಾರಿಯೇ. ನಡೆಯಲು ಹೊರಟಾಗ ಬಲವಾದ ಬೂಟು, ಮುಳ್ಳಿಗೆ ಹರಿಯದ ಒರಟು ಷರಾಯಿ. ಜೇಬಿನಲ್ಲಿ ಪೆನ್ಸಿಲು, ಪುಸ್ತಕ, ಚಾಕು, ದಾರ, ದುರ್ಬೀನು. ಗಿಡಗಳನ್ನು ಒತ್ತಿಡಲು ಕಂಕುಳಲ್ಲಿ ಒಂದು ಹಳೆಯ ಸಂಗೀತದ ಪುಸ್ತಕ. ಕೈಕೋಲಿಗೆ ಅಡಿ ಅಂಗುಲಗಳ ಗುರುತು. ಹ್ಯಾಟಿನೊಳಗೆ ಒಂದು ಅಟ್ಟಣೆ ಕಟ್ಟಿಸಿಕೊಂಡು ಅದರಲ್ಲಿ ಹೂವಿಡುತ್ತಿದ್ದನು. ತಲೆಯ ಬಿಸಿಗೂ ಬೆವರಿಗೂ ಹೂ ಬಾಡುವುದಿಲ್ಲವೆಂದು ಅವನ ಸಮಾಧಾನ.

ಇದನ್ನು ಓದಿದ ಮೇಲೆ, ಕಳೆದ ದಸರಾ ರಜೆಯಲ್ಲಿ ನಾನೂ ಒಂದು ದಿನ ಕೊಡಲಿ ಹಗ್ಗಗಳಿಲ್ಲದೆ ನಮ್ಮೂರ ಗುಡ್ಡ ಹತ್ತಿದೆ. ದಾರಿಯಲ್ಲಿ ಎದುರಾದ ದೊಡ್ಡಪ್ಪ ಯಾವ ಹಸು ತಪ್ಪಿಸಿಕೊಂಡಿತೆಂದು ಕೇಳಿದರು. ಸುಮ್ಮನೆ ಬಂದೆನೆಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದರು.

ಥೋರೋ ಹೊಟ್ಟೆಪಾಡಿಗೆ ಭೂಮಾಪನವನ್ನೂ ಮಾಡುತ್ತಿದ್ದನು. ಸರಪಳಿ ಹಿಡಿದು ಕಾಡು ಹೊಲಗಳ ಎಲ್ಲೆ ಗುರುತಿಸುವ ಈ ಉದ್ಯೋಗದಿಂದ ಅವನಿಗೆ ನಡಿಗೆಯೂ ಕೂಲಿಯೂ ಒಟ್ಟಿಗೆ ದೊರೆಯುತ್ತಿದ್ದುವು. ಆದರೆ ಅವನು ಅಳೆದುಕೊಟ್ಟ ಕಾಡು ಹಂಚಿಕೆಯಾಗಿ, ಮಾರಾಟವಾಗಿ, ಕೊಡಲಿಗೆ ಬೀಳುತ್ತಿತ್ತು. ತಾನು ನಡೆಯುವ ಹಾದಿಗೆ ತಾನೇ ಗಡಿಕಲ್ಲು ನೆಡುತ್ತಿರುವುದು ಅವನಿಗೆ ತಿಳಿಯದೆ ಇರಲಿಲ್ಲ. ಆ ಕಾಲಕ್ಕೆ ಕಾಂಕರ್ಡಿನ ಬಹುಭಾಗ ಕಾಡು ಕಡಿದು ಹೊಲ ಹುಲ್ಲುಗಾವಲುಗಳಾಗಿದ್ದುವು. ಯಾರ ಅಪ್ಪಣೆಯೂ ಇಲ್ಲದೆ ಯಾರ ಜಮೀನಿನಲ್ಲಿಯಾದರೂ ನಡೆದುಹೋಗುವ ಸ್ವಾತಂತ್ರ್ಯ ಇನ್ನೂ ಇತ್ತು. ಅದು ಹೆಚ್ಚು ದಿನ ಉಳಿಯದೆಂದು ಅವನು ಕಂಡನು. ೧೮೫೧ರಲ್ಲಿ ಮೊದಲು ಮಾಡಿದ ನಡಿಗೆಯ ಮೇಲಿನ ಉಪನ್ಯಾಸದಲ್ಲಿ, ಬೇಲಿಗಳು ಹೆಚ್ಚಿ ದೇವರ ನೆಲದ ಮೇಲೆ ನಡೆಯುವುದೇ ಅತಿಕ್ರಮಣವೆನಿಸುವ ದಿನ ಬರಬಹುದೆಂದು ಎಚ್ಚರಿಸಿದನು. ಹಕಲ್‌ಬೆರಿಯ ಗುಡ್ಡಗಳನ್ನೂ ಒಡೆಯರು ಹಣಕ್ಕೆ ಗುತ್ತಿಗೆ ಕೊಡತೊಡಗಿದಾಗ ಅವನಿಗೆ ಬಹಳ ನೋವಾಯಿತು. ಮಕ್ಕಳು ಬುಟ್ಟಿ ಹಿಡಿದು ಹೋಗಿ ಬೇಲಿಯನ್ನು ಕಂಡು ಮರಳಬೇಕಾದ ಆ ಗುಡ್ಡವನ್ನು ನಾನು ಕಂಡಿಲ್ಲ. ಆದರೆ ಅಂಥ ಗುಡ್ಡ ನನಗೆ ತಿಳಿಯದುದಲ್ಲ.

೧೮೫೯ರ ಅಕ್ಟೋಬರಿನಲ್ಲಿ ಅವನು ದಿನಚರಿಯಲ್ಲಿ ಒಂದು ಸಲಹೆಯನ್ನು ಬರೆದನು. ಪ್ರತಿಯೊಂದು ಊರಿಗೂ ೫೦೦ ಅಥವಾ ೧೦೦೦ ಎಕರೆಯ ಕಾಡೊಂದು ಇರಬೇಕು. ಅದರಲ್ಲಿ ಸೌದೆಗೆಂದು ಒಂದು ಕೊಂಬೆಯನ್ನೂ ಕಡಿಯಬಾರದು. ಅದು ಎಲ್ಲರ ಕಲಿಕೆಗೂ ವಿಹಾರಕ್ಕೂ ಶಾಶ್ವತವಾಗಿ ಊರಿನ ಆಸ್ತಿಯಾಗಿರಬೇಕು. ವಾಲ್ಡನ್ ಕಾಡು ಅದಕ್ಕೆ ತಕ್ಕುದೆಂದೂ ಹೇಳಿದನು. ಕಾಡು ಸುಟ್ಟವನೇ ೧೫ ವರ್ಷಗಳ ಮೇಲೆ ಇದನ್ನು ಬರೆದನೆಂಬುದನ್ನು ಮರೆಯಬಾರದು. ಒಂದು ಕೊಂಬೆಯನ್ನೂ ಕಡಿಯಬಾರದೆಂಬ ಮಾತಿಗೆ ಸೌದೆಯ ಒಲೆಯ ಮುಂದೆ ಬೆಳೆದ ನಾನು ಸುಲಭವಾಗಿ ತಲೆದೂಗಲಾರೆ. ಆದರೆ ಅವನು ಸೌದೆಯ ಕಾಡೇ ಬೇಡವೆಂದವನಲ್ಲ. ಸೌದೆಯ ಕಾಡುಗಳ ನಡುವೆ ಎಲ್ಲರಿಗೂ ಸೇರಿದ ಒಂದು ಕಾಡು ಬೇಕೆಂದವನು.

ಇಷ್ಟು ನಡೆದುದರ ಫಲವೇನು ಎಂದು ಕೇಳುವವರಿಗೆ ಎರಡು ಉತ್ತರಗಳುಂಟು. ಪೈನ್ ಕಾಡು ಕಡಿದಲ್ಲಿ ಓಕ್ ಮರಗಳೇಕೆ ಏಳುತ್ತವೆಂಬುದು ರೈತರಿಗೆ ಒಗಟಾಗಿತ್ತು. ಅಳಿಲುಗಳೂ ಹಕ್ಕಿಗಳೂ ಓಕಿನ ಬೀಜಗಳನ್ನು ಮೊದಲೇ ಪೈನಿನ ನೆರಳಿನಲ್ಲಿ ಹೂತಿಡುತ್ತವೆಂದು ಅವನು ೧೮೬೦ರಲ್ಲಿ ರೈತರ ಸಭೆಯಲ್ಲಿಯೇ ವಿವರಿಸಿದನು. ಎರಡನೆಯದು, ೧೮೫೦ರ ದಶಕದಲ್ಲಿ ೫೦೦ಕ್ಕೂ ಹೆಚ್ಚು ಬಗೆಯ ಗಿಡಗಳು ಯಾವ ದಿನ ಮೊದಲ ಹೂ ಬಿಟ್ಟುವೆಂದು ಅವನು ಬರೆದಿಟ್ಟ ಪಟ್ಟಿ. ಒಂದೂವರೆ ಶತಮಾನದ ಮೇಲೆ ಬಾಸ್ಟನ್ ವಿಶ್ವವಿದ್ಯಾನಿಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಅವರ ಸಹೋದ್ಯೋಗಿಗಳು ಅದೇ ಹಾದಿಗಳಲ್ಲಿ ನಡೆದು ಹೋಲಿಸಿ ನೋಡಿದರು. ಹವೆ ಬೆಚ್ಚಗಾಗಿ, ಅನೇಕ ಗಿಡಗಳು ಥೋರೋವಿನ ಕಾಲಕ್ಕಿಂತ ಒಂದು ವಾರ ಅಥವಾ ಇನ್ನೂ ಮುಂಚೆಯೇ ಹೂ ಬಿಡುತ್ತಿವೆಯೆಂದು ತಿಳಿದುಬಂದಿತು. ಆ ಮಧ್ಯಾಹ್ನಗಳನ್ನು ಸೋಮಾರಿತನವೆನ್ನಲು ನನಗೆ ಈಗ ಬಾಯಿ ಬಾರದು.

ಬದುಕಿದ್ದಾಗ ಅವನಿಗೆ ದೊಡ್ಡ ಕೀರ್ತಿ ಬರಲಿಲ್ಲ. ೧೮೪೯ರ ಮೊದಲ ಪುಸ್ತಕದ ೧೦೦೦ ಪ್ರತಿಗಳಲ್ಲಿ ೭೦೬ ಮಾರಾಟವಾಗದೆ ಮನೆಗೆ ಮರಳಿದುವು. ಅವನೇ ಹೊತ್ತು ಅಟ್ಟಕ್ಕೇರಿಸಿದನು. ೧೮೫೪ರ ‘ವಾಲ್ಡನ್’ ಸ್ವಲ್ಪ ಮೇಲು. ೧೮೬೦ರ ಡಿಸೆಂಬರಿನ ಚಳಿಯಲ್ಲಿ ಕಡಿದ ಮರಗಳ ವರ್ಷದ ಬಳೆಗಳನ್ನೆಣಿಸಲು ಹೋಗಿ ನೆಗಡಿ ಹಿಡಿಯಿತು. ಮನೆಯಲ್ಲಿ ಮೊದಲೇ ಇದ್ದ ಕ್ಷಯ ಅದರಿಂದ ಕೆರಳಿತು. ನಡೆಯಲಾರದಾದ ಕೊನೆಯ ತಿಂಗಳುಗಳಲ್ಲಿ ತಂಗಿ ಸೋಫಿಯಾಳ ನೆರವಿನಿಂದ ನಡಿಗೆಯ ಪ್ರಬಂಧವನ್ನು ತಿದ್ದಿ ಪತ್ರಿಕೆಗೆ ಕಳುಹಿಸಿದನು. ೧೮೬೨ರ ಮೇ ೬ರಂದು ತೀರಿಕೊಂಡನು. ಪ್ರಬಂಧ ಜೂನ್ ತಿಂಗಳಲ್ಲಿ ಅಚ್ಚಾಯಿತು.

ಅವನು ನಡೆದ ನೆಲಗಳಿಗೆ ಮುಂದೆ ಏನಾಯಿತೆಂಬುದನ್ನೂ ಹೇಳಬೇಕು. ಮ್ಯಾಸಚೂಸೆಟ್ಸಿನಲ್ಲಿ ಎಲ್ಲರಿಗಾಗಿ ಕಾದಿರಿಸಿದ ಕಾಡುಗುಡ್ಡಗಳನ್ನು ರಿಸರ್ವೇಷನ್ ಎನ್ನುತ್ತಾರೆ. ನಮಗೆ ಆ ಶಬ್ದ ಬೇರೆ ಅರ್ಥದಲ್ಲಿ ಪರಿಚಿತ. ಆದರೆ ಎರಡರಲ್ಲಿಯೂ ಬಲವುಳ್ಳವರೇ ಎಲ್ಲವನ್ನೂ ಎತ್ತಿಕೊಳ್ಳದಿರಲೆಂದು ಒಂದಿಷ್ಟನ್ನು ಎತ್ತಿಡುವುದೇ ಉದ್ದೇಶ. ೧೮೪೪ರಲ್ಲಿ ಥೋರೋ ಶಿಖರದ ಮೇಲೆ ರಾತ್ರಿ ಕಳೆದಿದ್ದ ಗ್ರೇಲಾಕ್ ಪರ್ವತ ೧೮೯೮ರಲ್ಲಿ ಅಂಥ ಮೊದಲ ಸಂರಕ್ಷಿತ ವನವಾಯಿತು. ವಾಚೂಸೆಟ್ ಅದರ ಬೆನ್ನಿಗೇ ಬಂದಿತು. ಅವನು ೧೮೪೬ರಲ್ಲಿ ಮೋಡದ ನಡುವೆ ಹತ್ತಿದ ಮೇಯ್ನ್ ಸಂಸ್ಥಾನದ ಕಟಾಡಿನ್ ಪರ್ವತವನ್ನು, ಅಲ್ಲಿ ಗವರ್ನರಾಗಿದ್ದ ಪರ್ಸಿವಲ್ ಬ್ಯಾಕ್ಸ್ಟರ್ ಸ್ವಂತ ಹಣದಿಂದ ಕೊಂಡು ೧೯೩೧ರಲ್ಲಿ ಸಂಸ್ಥಾನಕ್ಕೆ ಕೊಟ್ಟರು. ವಾಲ್ಡನ್ ಕೊಳದ ಸುತ್ತಲಿನ ಸುಮಾರು ೮೦ ಎಕರೆಯನ್ನು ೧೯೨೨ರಲ್ಲಿ ಎಮರ್ಸನ್, ಫೋರ್ಬ್ಸ್, ಹೇವುಡ್ ಮತ್ತು ಹೋರ್ ಮನೆತನಗಳು ದಾನ ಮಾಡಿದುವು. ಜನ ಅಲ್ಲಿ ನಡೆಯಲಿ, ಈಜಲಿ, ಬುತ್ತಿ ಉಣ್ಣಲಿ, ಕಾಡು ಮಾತ್ರ ಹಾಗೆಯೇ ಇರಲಿ ಎಂಬುದು ಅವರ ಇಚ್ಛೆ. ೧೯೫೭ರಲ್ಲಿ ಈಜುಗಾರರ ದಡವನ್ನು ಹಿಗ್ಗಿಸಲು ಯಂತ್ರಗಳು ಬಂದು ಮರಗಳನ್ನು ಉರುಳಿಸಿದಾಗ ಊರಿನವರು ನ್ಯಾಯಾಲಯಕ್ಕೆ ಹೋದರು; ೧೯೬೦ರಲ್ಲಿ ಸಂಸ್ಥಾನದ ಉಚ್ಚ ನ್ಯಾಯಾಲಯ ದಾನಪತ್ರದ ಮಾತನ್ನೇ ಎತ್ತಿಹಿಡಿಯಿತು. ಇಂದು ಮ್ಯಾಸಚೂಸೆಟ್ಸಿನಲ್ಲಿ ಥೋರೋವಿನ ಕಾಲಕ್ಕಿಂತ ಹೆಚ್ಚು ಕಾಡಿದೆ. ಬಾಸ್ಟನ್ನಿನಿಂದ ಬೆಳಗ್ಗೆ ರೈಲಿನಲ್ಲಿ ಬಂದು, ಕೊಳವನ್ನು ಸುತ್ತಿ, ಸಂಜೆಗೆ ಮನೆ ಸೇರುವವರಿದ್ದಾರೆ. ಬೇಸಗೆಯ ದಿನಗಳಲ್ಲಿ ಜನ ಹೆಚ್ಚಾದರೆ ಬಾಗಿಲು ಮುಚ್ಚುತ್ತಾರಂತೆ.

ಗುಡಿಸಲು ಎಂದೋ ಹೋಯಿತು. ಅದಿದ್ದ ಜಾಗದಲ್ಲಿ ೧೮೭೨ರಲ್ಲಿ ಹಳೆಯ ಮಿತ್ರ ಆಲ್ಕಟ್ ಗುರುತಿಗೆಂದು ಕಲ್ಲಿಡುವ ಕ್ರಮವನ್ನಾರಂಭಿಸಿದನು. ನಡೆದು ಬಂದವರೆಲ್ಲ ಒಂದೊಂದು ಕಲ್ಲು ಹಾಕಿದರು. ನಮ್ಮ ಬೆಟ್ಟದ ದೇವಸ್ಥಾನಗಳ ದಾರಿಯಲ್ಲಿ ಮನೆ ಕಟ್ಟುವ ಹರಕೆ ಹೊತ್ತವರು ಕಲ್ಲಿನ ಮೇಲೆ ಕಲ್ಲಿಡುವುದಿಲ್ಲವೆ, ಹಾಗೆ. ಕವಿ ವಾಲ್ಟ್ ವಿಟ್ಮನ್ ೧೮೮೧ರಲ್ಲಿ ಬಂದಾಗ ಅವನೂ ಒಂದನ್ನು ಹಾಕಿದನು. ೧೯೪೫ರಲ್ಲಿ ನೆಲ ಅಗೆದು ನೋಡಿದಾಗ ಆ ಕಲ್ಲುರಾಶಿಯ ಹತ್ತಿರದಲ್ಲಿಯೇ ಥೋರೋ ಕಟ್ಟಿದ ಒಲೆಗೂಡಿನ ತಳಪಾಯ ಸಿಕ್ಕಿತು.